ಚಾರಣದ ಜೊತೆಗೆ ಹೊಳೆಯ ಈಜು: ಮೂಡಿಗೆರೆ, ಸಕಲೇಶಪುರದ ಕಡೆ ಸಾಧ್ಯವೇ?

ನೀವು ಕೇಳಿರುವುದು ಇಷ್ಟು: ಡಿಸೆಂಬರ್ ಕೊನೆಯಲ್ಲಿ ತಂಗಿಯೊಡನೆ ಮೂರು ದಿನ ನಮ್ಮ ಕಡೆ ಚಾರಣಕ್ಕೆ ಬರುತ್ತಿದ್ದೀರಿ, ಬೆಂಗಳೂರಿನ ಈಜುಕೊಳದಲ್ಲಿ ನಿಲ್ಲದೆ ಒಂದು ಕಿಲೋಮೀಟರ್ ಈಜುವ ಅಭ್ಯಾಸ ನಿಮಗಿದೆ, ತಂಗಿಗೆ ಈಜು ಬಾರದು, ಮುಳ್ಳಯ್ಯನಗಿರಿ ಹತ್ತಿಳಿದು ಹೆಬ್ಬೆಯಂತಹ ಜಲಪಾತದಲ್ಲಿ ಈಜಬಹುದೇ ಎಂಬುದು ಪ್ರಶ್ನೆ. ನಾನು ಮೂಡಿಗೆರೆ ತಾಲ್ಲೂಕಿನವನು, ಹೇಮಾವತಿಗೆ ಸೇರುವ ಒಂದು ಹಳ್ಳದಲ್ಲಿ ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿಸಿಕೊಂಡು ಈಜು ಕಲಿತವನು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಬೆಟ್ಟವನ್ನು ಆರಿಸಿಕೊಂಡು ಆಮೇಲೆ ಅದರ ಬುಡದಲ್ಲಿ ನೀರು ಹುಡುಕಬೇಡಿ. ಈಜಲು ಯೋಗ್ಯವಾದ ನೀರನ್ನು ಮೊದಲು ಗೊತ್ತುಮಾಡಿಕೊಂಡು, ನಡಿಗೆಯನ್ನು ಅದಕ್ಕೆ ಹೊಂದಿಸಿಕೊಳ್ಳಿ.

ಸುಮಾರು 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿ ಬೋಳು ಹುಲ್ಲುಗಾವಲಿನ ಬೆಟ್ಟ. ಸರ್ಪದಾರಿಯಲ್ಲಿ ಹತ್ತುವಾಗ ಕುಡಿಯುವ ನೀರನ್ನೇ ಹೊತ್ತೊಯ್ಯಬೇಕು, ಈಜುವ ಮಾತು ದೂರವೇ ಉಳಿಯಿತು. ಜಲಪಾತಗಳಲ್ಲಿ ನೀರೇನೋ ಇದೆ, ಆದರೆ ಅದು ಈಜುವ ನೀರಲ್ಲ. ಮೇಲಿನಿಂದ ಬೀಳುವ ಧಾರೆ ಗಾಳಿಯನ್ನೂ ಜೊತೆಗೆ ಎಳೆದು ತರುವುದರಿಂದ ಬುಡದ ನೀರು ನೊರೆನೊರೆಯಾಗಿ, ಅದರಲ್ಲಿ ಮೈ ಎಂದಿನಂತೆ ತೇಲುವುದಿಲ್ಲ. ಧಾರೆಯ ಕೆಳಗೆ ಬಂಡೆ ಕೊರೆದು ಒಳಗೆ ಪೊಟರೆಯಾಗಿರುವುದುಂಟು. ದಡಕ್ಕೆ ಹತ್ತೋಣವೆಂದರೆ ಪಾಚಿಗಟ್ಟಿದ ಕಲ್ಲು ಹಿಡಿತ ಕೊಡುವುದಿಲ್ಲ. ಇನ್ನು ಕುದುರೆಮುಖ ರಾಷ್ಟ್ರೀಯ ಉದ್ಯಾನದಂತಹ ಕಡೆ ಚಾರಣಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು, ಮತ್ತು ನಡೆಯಲು ಕೊಟ್ಟ ಅನುಮತಿಯನ್ನು ನೀರಿಗಿಳಿಯಲು ಕೊಟ್ಟ ಅನುಮತಿ ಎಂದು ತಿಳಿಯಬಾರದು. ನೀರಿಗಿಳಿಯುವುದು ಬೇಡವೆಂದು ಗೈಡ್ ಹೇಳಿದರೆ ಅಲ್ಲಿಗೆ ಬಿಟ್ಟುಬಿಡಿ.

ಕಳಸದ ಬಳಿಯ ಅಂಬಾತೀರ್ಥವನ್ನೂ ಯಾರಾದರೂ ನಿಮಗೆ ಹೇಳಿಯೇ ಹೇಳುತ್ತಾರೆ. ಮಧ್ವಾಚಾರ್ಯರ ಹೆಸರಿನೊಂದಿಗೆ ತಳುಕು ಹಾಕಿಕೊಂಡಿರುವ ದೊಡ್ಡ ಬಂಡೆ ಅಲ್ಲಿದೆ, ನೋಡಬೇಕಾದ ಜಾಗವೇ ಸರಿ. ಆದರೆ ಭದ್ರೆ ಬಂಡೆಗಳ ಇಕ್ಕಟ್ಟಿನಲ್ಲಿ ನುಗ್ಗುವ ಆ ಸ್ಥಳದಲ್ಲಿ ನಾನಂತೂ ಪಾದಕ್ಕಿಂತ ಮೇಲೆ ನೆನೆಸಿಕೊಂಡವನಲ್ಲ. ಗೊರೂರಿನ ಹೇಮಾವತಿ ಅಣೆಕಟ್ಟೆಯ ಹಿನ್ನೀರು ಸಮುದ್ರದಂತೆ ಶಾಂತವಾಗಿ ಕಾಣುತ್ತದೆ, ಅಲ್ಲಿ ಭಯ ಸೆಳವಿನದಲ್ಲ, ಹೂಳಿನದು. ಮೊಣಕಾಲವರೆಗೆ ಹೂತ ಕಾಲನ್ನು ಕಿತ್ತುಕೊಳ್ಳಲು ಒದ್ದಾಡಿದಷ್ಟೂ ಇನ್ನಷ್ಟು ಇಳಿಯುತ್ತೀರಿ.

ಹಾಗಾದರೆ ಎಲ್ಲಿ? ಊರಿನವರು ಬಟ್ಟೆ ಒಗೆಯುವ, ದನ ಮೈತೊಳೆಯುವ, ಮಕ್ಕಳು ಈಜು ಕಲಿಯುವ ಗುಂಡಿಗಳಲ್ಲಿ. ಹೇಮಾವತಿಯಲ್ಲಿ, ಅದಕ್ಕೆ ಸೇರುವ ಹಳ್ಳಗಳಲ್ಲಿ, ಕಳಸದಿಂದ ಬಾಳೆಹೊನ್ನೂರಿನ ನಡುವೆ ಭದ್ರೆ ಅಗಲವಾಗಿ ಹರಿಯುವ ಕಡೆ ಇಂತಹ ಗುಂಡಿಗಳು ಹಲವಿವೆ. ಅವುಗಳ ಹೆಸರನ್ನು ಇಲ್ಲಿ ಬರೆಯಲು ನನಗೆ ಮನಸ್ಸಿಲ್ಲ. ಹೆಸರು ಹೊರಬಿದ್ದ ಗುಂಡಿಯ ದಡದಲ್ಲಿ ಮರುವರ್ಷವೇ ಬಾಟಲಿ ಚೂರು ಕಾಣಿಸಿಕೊಂಡದ್ದನ್ನು ನೋಡಿದ್ದೇನೆ. ನೀವು ಉಳಿದುಕೊಳ್ಳುವ ಹೋಂಸ್ಟೇಯವರನ್ನು ಕೇಳಿದರೆ ಸಾಕು. ಕೇಳುವಾಗ ಮಾತ್ರ ‘ಇಲ್ಲಿ ಅಪಾಯವಿದೆಯೇ’ ಎಂದು ಕೇಳಬೇಡಿ, ಅತಿಥಿಗೆ ಬೇಸರವಾಗಬಾರದೆಂದು ‘ಏನಿಲ್ಲ, ಹೋಗಿ ಬನ್ನಿ’ ಎಂದುಬಿಡುತ್ತಾರೆ. ‘ಇಲ್ಲಿ ಯಾರಾದರೂ ಮುಳುಗಿದ್ದುಂಟೇ’ ಎಂದು ಕೇಳಿ. ಒಮ್ಮೆ ಹೀಗೆ ಕೇಳಿದಾಗ, ಬಟ್ಟೆ ಹಿಂಡುತ್ತಿದ್ದ ಅಜ್ಜಿಯೊಬ್ಬರು ಕೈಯಲ್ಲಿದ್ದ ಸೀರೆಯ ತುದಿಯಿಂದಲೇ ತೋರಿಸಿ, ‘ಆ ಕರೀ ಕಲ್ಲಿಂದ ಆಚೆ ಹೋಗ್ಬೇಡಿ ಮಗ, ಅಲ್ಲಿ ನೀರು ಕಾಲು ಎಳೀತದೆ’ ಎಂದಿದ್ದರು. ನೀರಿನ ಮೇಲ್ಮೈಯಲ್ಲಿ ನನಗೆ ಒಂದು ಸುಕ್ಕೂ ಕಂಡಿರಲಿಲ್ಲ. ಒಂದು ಒಣಗಿದ ಕಾಫಿ ರೆಂಬೆಯನ್ನು ಎಸೆದು ನೋಡಿದೆ: ಕಲ್ಲಿನ ಈಚೆ ತೂಕಡಿಸುತ್ತಾ ತೇಲುತ್ತಿದ್ದದ್ದು, ಕಲ್ಲು ದಾಟಿದ್ದೇ ತಡ, ತುದಿ ಕೆಳಗಾಗಿ ಒಳಗೆ ಹೋಯಿತು. ಮತ್ತೆ ಎದ್ದದ್ದು ಇಪ್ಪತ್ತು ಮಾರು ಕೆಳಗೆ.

ನೀವು ಆರಿಸಿರುವ ಕಾಲ ಒಳ್ಳೆಯದು. ಮಳೆ ಮುಗಿದು ಕೆನ್ನೀರು ತಿಳಿಯಾಗಿರುತ್ತದೆ, ಉಂಬಳದ ಕಾಟವೂ ಕಡಿಮೆಯಾಗಿರುತ್ತದೆ. ಆದರೆ ಅದೇ ಹೊತ್ತಿಗೆ ಅರೇಬಿಕಾ ಕಾಫಿಯ ಕುಯ್ಲು, ಪಲ್ಪಿಂಗ್ (ಯಂತ್ರದಲ್ಲಿ ಹಣ್ಣಿನ ಸಿಪ್ಪೆ ಬಿಡಿಸುವ ಕೆಲಸ) ನಡೆಯುತ್ತಿರುತ್ತದೆ. ಪಲ್ಪರ್ ನೀರನ್ನು ಹೊಂಡದಲ್ಲಿ ಶುದ್ಧಮಾಡದೆ ಹಳ್ಳಕ್ಕೆ ಬಿಟ್ಟ ಕಡೆ ನೀರು ಕಪ್ಪಾಗಿ, ಹುಳಿ ನಾತ ಬಂದು, ಮೀನು ಸಾಯುತ್ತದೆ. ಅದರಲ್ಲಿ ಮಿಂದರೆ ಮೈಯೆಲ್ಲ ತುರಿಕೆ. ಮೂಗನ್ನು ನಂಬಿ. ಪೇಟೆಗಳ ವಿಷಯದಲ್ಲೂ ಇದೇ ಲೆಕ್ಕ: ಸಕಲೇಶಪುರದಲ್ಲಿ ಈಜುವುದಾದರೆ ಪೇಟೆಯ ಮೇಲ್ಗಡೆ, ಎಂದೂ ಕೆಳಗಡೆಯಲ್ಲ. ಕಾಲಿನಲ್ಲಿ ಗಾಯವಿದ್ದರೆ ಇಲಿಜ್ವರದ ಭಯವೂ ಇದೆ. ಡಿಸೆಂಬರ್‌ನಿಂದ ಬೇಸಿಗೆಯವರೆಗೆ ಮಲೆನಾಡಿನಲ್ಲಿ ಮಂಗನ ಕಾಯಿಲೆಯ ಕಾಲ, ಅದನ್ನು ಹರಡುವ ಉಣುಗು ಒಣಎಲೆಯ ಮೇಲೆ ಇರುವುದರಿಂದ ಕಾಡಿನ ತರಗೆಲೆಯಲ್ಲಿ ಕೂರುವುದು, ಅಲ್ಲಿ ಬಟ್ಟೆ ಬಿಚ್ಚಿಡುವುದು ಬೇಡ. ಬಂಡೆಯ ಮೇಲೆ ಇಡಿ.

ಬಂಡೆ ಎಂದಾಗ ನನ್ನದೇ ಪೆದ್ದುತನ ನೆನಪಾಗುತ್ತದೆ. ಒಂದು ಅಕ್ಟೋಬರ್‌ನಲ್ಲಿ ಹಳ್ಳದ ನಡುವಿನ ಬಂಡೆಯ ಮೇಲೆ ಬೂಟು ಬಿಟ್ಟು ಈಜುತ್ತಿದ್ದೆ. ನಮ್ಮ ತಲೆಯ ಮೇಲೆ ಬಿಸಿಲಿತ್ತು, ಮೋಡವಿದ್ದದ್ದು ದೂರದ ಘಟ್ಟದ ಮೇಲೆ. ಮೊದಲು ಒಂದಿಷ್ಟು ಕಸಕಡ್ಡಿ ತೇಲಿಬಂತು, ನಂತರ ನೀರು ಚಹಾದ ಬಣ್ಣಕ್ಕೆ ತಿರುಗಿತು. ಏನೆಂದು ಹೊಳೆದು ದಡ ಸೇರುವಷ್ಟರಲ್ಲಿ ಬಂಡೆಯೂ ಇಲ್ಲ, ಬೂಟೂ ಇಲ್ಲ. ತೋಟದ ಜಲ್ಲಿ ರಸ್ತೆಯಲ್ಲಿ ಬರಿಗಾಲಲ್ಲಿ ನಾಲ್ಕು ಕಿಲೋಮೀಟರ್ ನಡೆದೆ. ಡಿಸೆಂಬರ್‌ನಲ್ಲಿ ಹೀಗಾಗುವುದು ಅಪರೂಪ, ಆದರೂ ಕಡ್ಡಿ ತೇಲಿಬಂದರೆ ಎದ್ದುಬಿಡಿ.

ಈಜುಕೊಳದ ಒಂದು ಕಿಲೋಮೀಟರ್ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ನಡೆದು ಬೆವರಿದ ಮೈಯಲ್ಲಿ ಒಮ್ಮೆಲೇ ಧುಮುಕಿದರೆ ತಣ್ಣೀರಿಗೆ ಉಸಿರು ತಾನಾಗಿ ಒಳಕ್ಕೆ ಎಳೆಯುತ್ತದೆ, ಆಗ ಬಾಯಿ ನೀರಿನೊಳಗಿದ್ದರೆ ಕೆಟ್ಟಿತು. ಹತ್ತು ನಿಮಿಷ ಕುಳಿತು, ಮುಖ ಮತ್ತು ಕತ್ತಿನ ಹಿಂಭಾಗ ತೋಯಿಸಿಕೊಂಡು, ನಡೆದುಕೊಂಡೇ ಇಳಿಯಿರಿ. ಪ್ರತಿ ಮಳೆಗಾಲವೂ ಗುಂಡಿಯ ತಳವನ್ನು ಬದಲಿಸುತ್ತದೆ, ಕಳೆದ ವರ್ಷ ಮರಳಿದ್ದಲ್ಲಿ ಈ ವರ್ಷ ಮರದ ದಿಮ್ಮಿ ಸಿಕ್ಕಿಕೊಂಡಿರಬಹುದು, ಆದ್ದರಿಂದ ತಲೆಕೆಳಗಾಗಿ ಹಾರುವುದು ಬೇಡವೇ ಬೇಡ. ಮೊದಲು ಹರಿವಿಗೆ ಎದುರಾಗಿ ಈಜಿ. ದಣಿದಾಗ ಹೊಳೆಯೇ ನಿಮ್ಮನ್ನು ಬಟ್ಟೆಯ ಬಳಿಗೆ ತಂದುಬಿಡುತ್ತದೆ.

ಮೂರು ದಿನವನ್ನು ನಾನಾದರೆ ಹೀಗೆ ಹಂಚುತ್ತಿದ್ದೆ: ಒಂದು ದಿನ ಮುಳ್ಳಯ್ಯನಗಿರಿ, ಈಜಿಲ್ಲದೆ. ಒಂದು ದಿನ ಬೆಳಗ್ಗೆ ಟಿಪ್ಪುವಿನ ಕಾಲದ, ನಕ್ಷತ್ರಾಕಾರದ ಮಂಜರಾಬಾದ್ ಕೋಟೆ, ಮಧ್ಯಾಹ್ನ ಹೇಮಾವತಿಯ ದಡದ ತೋಟ ಗದ್ದೆಗಳ ನಡುವೆ ಒಂದೆರಡು ಗಂಟೆ ನಡೆದು ಈಜು. ಇನ್ನೊಂದು ದಿನ ಭದ್ರೆಯ ಬದಿಯಲ್ಲಿ ಊರಿಂದ ಊರಿಗೆ. ಮಧ್ಯಾಹ್ನ ಹನ್ನೆರಡರಿಂದ ಮೂರರ ಒಳಗೆ ನೀರಿನ ಕೆಲಸ ಮುಗಿಸಿ. ಹೆಂಗಸರು ಬಟ್ಟೆ ಒಗೆಯುವ ಬೆಳಗಿನ ಹೊತ್ತಿನಲ್ಲಿ ಅಲ್ಲಿ ಸುಳಿಯುವುದು ಸಭ್ಯತೆಯಲ್ಲ, ಸಂಜೆಯಾದರೆ ಸಕಲೇಶಪುರ, ಮೂಡಿಗೆರೆ ಎರಡೂ ಕಡೆ ಆನೆಗಳ ಓಡಾಟ. ತಂಗಿಯನ್ನು ಸುಮ್ಮನೆ ದಡದಲ್ಲಿ ಕೂರಿಸಬೇಡಿ. ಹದಿನೈದು ಮೀಟರ್ ಹಗ್ಗಕ್ಕೆ ಗಾಳಿ ತುಂಬಿದ ಟ್ಯೂಬು ಕಟ್ಟಿ ಅವರ ಕೈಗೆ ಕೊಡಿ, ನೀರಿಗಿಳಿಯುವ ಮೊದಲು ಎರಡು ಸಲ ಎಸೆದು ಅಭ್ಯಾಸ ಮಾಡಿಸಿ, ಎಸೆದ ಟ್ಯೂಬು ತಲುಪುವಷ್ಟು ದೂರದಲ್ಲೇ ನೀವು ಈಜಿ.