ಸರ್ಟಿಫಿಕೇಟ್ ಆಮೇಲೆ, ಮೊದಲು ನವಲೆ ಇಳಿಜಾರು

ನಿಮ್ಮದು ಆರು ಲಾರಿ, ಮುಂಬೈ ಹತ್ತಿರದ ಕಳಂಬೋಲಿಯಲ್ಲಿ ಆಫೀಸು, ಡ್ರೈವರುಗಳೆಲ್ಲ ಬೆಳಗಾವಿ, ವಿಜಯಪುರ ಕಡೆಯವರು. ಮಾಲು ಕೊಡುವ ಕಂಪನಿ ಸುರಕ್ಷತಾ ತರಬೇತಿಯ ಸರ್ಟಿಫಿಕೇಟ್ ಕೇಳುತ್ತಿದೆ, ಒಂದೇ ದಿನದಲ್ಲಿ ಮುಗಿಯುವ ಕ್ಲಾಸ್ ಯಾವುದು ಅಂತ ಕೇಳಿದ್ದೀರಿ. ಈ ದಂಧೆಗೆ ಬಂದ ಹೊಸದರಲ್ಲಿ ನಾನೂ ಹುಡುಕಿದ್ದು ಇದನ್ನೇ. ಈಗ ಡ್ರೈವರುಗಳಿಗೆ ಪಾಠ ಹೇಳುವವನಾಗಿ ಖಡಾಖಂಡಿತ ಹೇಳುತ್ತೇನೆ, ಹುಡುಕಬೇಕಾದದ್ದು ಅದಲ್ಲ. ಹಾಲ್‌ನಲ್ಲಿ ಕೂರಿಸಿ, ಹಿಂದಿಯಲ್ಲಿ ಸ್ಲೈಡ್ ತೋರಿಸಿ, ಊಟ ಹಾಕಿ, ಗ್ರೂಪ್ ಫೋಟೊ ತೆಗೆದು ಕಳಿಸಿದರೆ ನಿಮ್ಮ ಫೈಲ್ ತುಂಬುತ್ತದೆ, ಅಷ್ಟೇ. ಮರುದಿನ ಅದೇ ಡ್ರೈವರ್ ಲೋಡ್ ಗಾಡಿ ತಗೊಂಡು ಪುಣೆ ಹತ್ತಿರದ ಹೊಸ ಕಾತ್ರಜ್ ಸುರಂಗ ದಾಟುತ್ತಲೇ ಗೇರ್ ತೆಗೆದು ನ್ಯೂಟ್ರಲ್‌ಗೆ ತಳ್ಳುತ್ತಾರೆ.

ಆ ನ್ಯೂಟ್ರಲ್ ಬಗ್ಗೆಯೇ ಹೆಚ್ಚು ಹೇಳಬೇಕು. ಈ ರೂಟಿನಲ್ಲಿ ಜೀವ ತೆಗೆಯುವ ತಪ್ಪು ಅದು.

ನಿಪ್ಪಾಣಿ, ಕೊಲ್ಹಾಪುರ, ಸಾತಾರಾ ದಾಟಿ ಬರುವ ಡ್ರೈವರ್ ಖಂಬಾಟ್ಕಿಯಲ್ಲಿ ಎಚ್ಚರವಾಗಿರುತ್ತಾರೆ, ಯಾಕೆಂದರೆ ಅದು ನೋಡಿದರೇ ಘಾಟ್. ಮುಂದೆ ಬೋರ್‌ಘಾಟ್‌ನಲ್ಲೂ ಎಚ್ಚರವಿರುತ್ತದೆ. ಇವೆರಡರ ನಡುವೆ ಪುಣೆ ಬೈಪಾಸ್‌ನಲ್ಲಿ ಸುರಂಗದಿಂದ ನವಲೆ ಸೇತುವೆ‌ವರೆಗಿನ ಇಳಿಜಾರು ಮೋಸ ಮಾಡುತ್ತದೆ. ರಸ್ತೆ ಅಗಲ, ದೊಡ್ಡ ತಿರುವಿಲ್ಲ, ಅಕ್ಕಪಕ್ಕ ಕಟ್ಟಡಗಳು. ಘಾಟ್ ಅಂತ ಮನಸ್ಸಿಗೆ ಅನಿಸುವುದೇ ಇಲ್ಲ. ಗಾಡಿ ತಾನೇ ಓಡುತ್ತದಲ್ಲ, ಡೀಸೆಲ್ ಯಾಕೆ ಸುಡಬೇಕು ಅಂತ ಗೇರ್ ತೆಗೆಯುತ್ತಾರೆ, ಕೆಲವರು ಎಂಜಿನ್ನನ್ನೇ ಬಂದ್ ಮಾಡುತ್ತಾರೆ. 2022ರ ನವೆಂಬರ್‌ನಲ್ಲಿ ಒಂದು ಟ್ರಕ್ ಅಲ್ಲಿ ಹತ್ತಾರು ವಾಹನಗಳಿಗೆ ಗುದ್ದಿತು. ಮೊದಲು ಬ್ರೇಕ್ ಫೇಲ್ ಅಂತ ಸುದ್ದಿಯಾಯಿತು. ಇಳಿಜಾರಿನಲ್ಲಿ ಎಂಜಿನ್ ಬಂದ್ ಮಾಡಿಕೊಂಡು ಬಂದಿದ್ದರು ಅಂತ ಆಮೇಲೆ ಪೊಲೀಸರು ಹೇಳಿದರು.

ಎಂಜಿನ್ ಬಂದ್ ಆದರೆ ಏನೇನು ನಿಲ್ಲುತ್ತದೆ ಅಂತ ನಿಮ್ಮ ಡ್ರೈವರುಗಳನ್ನು ಕೇಳಿ ನೋಡಿ. ಬ್ರೇಕಿಗೆ ಹವಾ ತುಂಬುವ ಕಂಪ್ರೆಸರ್ ನಿಲ್ಲುತ್ತದೆ, ಟ್ಯಾಂಕಿನಲ್ಲಿ ಇದ್ದ ಹವಾ ಅಷ್ಟೇ ಗತಿ. ಪವರ್ ಸ್ಟೀರಿಂಗ್ ಹೋಗಿ ಸ್ಟೀರಿಂಗ್ ಚಕ್ರ ಕಲ್ಲಾಗುತ್ತದೆ. ಹೊಗೆಯ ದಾರಿ ತಡೆದು ಎಂಜಿನ್ ಮೂಲಕ ಗಾಡಿ ಹಿಡಿಯುವ ಎಕ್ಸಾಸ್ಟ್ ಬ್ರೇಕ್ ಸತ್ತಂತೆಯೇ. ಬರೀ ನ್ಯೂಟ್ರಲ್ ಆದರೆ ಕಂಪ್ರೆಸರ್ ನಡೆಯುತ್ತದೆ, ಆದರೆ ಗಾಡಿಯನ್ನು ಹಿಡಿಯುವ ಎಂಜಿನ್ ಕೈಬಿಟ್ಟಿರುತ್ತದೆ, ಇಡೀ ಭಾರ ಬ್ರೇಕ್ ಡ್ರಮ್ಮುಗಳ ಮೇಲೆ ಬೀಳುತ್ತದೆ. ಲೆಕ್ಕ ಹಾಕಿ: 40 ಟನ್ ಗಾಡಿ 400 ಮೀಟರ್ ಎತ್ತರ ಇಳಿದರೆ ಸುಮಾರು 157 ಮೆಗಾಜೂಲ್ ಶಕ್ತಿ ಎಲ್ಲಾದರೂ ಹೋಗಬೇಕು. ನಾಲ್ಕು ಲೀಟರಿಗೂ ಹೆಚ್ಚು ಡೀಸೆಲ್ಲನ್ನು ಡ್ರಮ್ಮುಗಳೊಳಗೇ ಸುಟ್ಟಷ್ಟು ಶಾಖ ಅದು. ಕಾದ ಡ್ರಮ್ ಹಿಗ್ಗಿ, ಅದನ್ನು ಒಳಗಿನಿಂದ ಉಜ್ಜಿ ಹಿಡಿಯುವ ಲೈನರ್‌ನಿಂದ ದೂರ ಸರಿಯುತ್ತದೆ, ಲೈನರ್ ಹಿಡಿತ ಕಳೆದುಕೊಳ್ಳುತ್ತದೆ, ಹವಾ ಒತ್ತಡಕ್ಕೆ ಬ್ರೇಕನ್ನು ತಳ್ಳುವ ಪುಶ್‌ರಾಡ್ ತನ್ನ ಕೊನೆಯವರೆಗೂ ಚಾಚಿಕೊಂಡರೂ ಲೈನರ್ ಕೂತ ಶೂ ಡ್ರಮ್ಮನ್ನು ಒತ್ತುವುದಿಲ್ಲ. ಯಾರ್ಡ್‌ನಲ್ಲಿ ಗಟ್ಟಿಯಾಗಿ ಹಿಡಿದ ಬ್ರೇಕ್ ಇಳಿಜಾರಿನಲ್ಲಿ ಕೈಕೊಡುವುದು ಹೀಗೆ.

ಗಾಬರಿಯಲ್ಲಿ ಡ್ರೈವರ್ ಗೇರ್ ಹಾಕಲು ನೋಡುತ್ತಾರೆ. ಆ ವೇಗಕ್ಕೆ ಕೆಳಗಿನ ಗೇರ್ ಕೂರುವುದಿಲ್ಲ, ಗಾಡಿ ನ್ಯೂಟ್ರಲ್‌ನಲ್ಲೇ ಉಳಿಯುತ್ತದೆ. ಅದಕ್ಕೇ ಇಳಿಜಾರು ಶುರುವಾಗುವ ಮೊದಲೇ ಗೇರ್ ಹಿಡಿದಿರಬೇಕು. ಬ್ರೇಕನ್ನು ಮತ್ತೆ ಮತ್ತೆ ಪಂಪ್ ಮಾಡಿದರೆ ಹವಾ ಖಾಲಿಯಾಗುತ್ತದೆ. ಹವಾ ತೀರಾ ಇಳಿದಾಗ ಸ್ಪ್ರಿಂಗ್ ಬ್ರೇಕ್ ತಾನೇ ಬೀಳುತ್ತದೆ ನಿಜ, ಆದರೆ ಅದೂ ಒತ್ತುವುದು ಅದೇ ಕಾದ ಡ್ರಮ್ಮನ್ನೇ.

ಇನ್ನು ಡೀಸೆಲ್ ಉಳಿತಾಯ. ಬಿಎಸ್6 ಗಾಡಿಯನ್ನು ಗೇರ್‌ನಲ್ಲೇ ಇಟ್ಟು ಎಕ್ಸಲರೇಟರ್‌ನಿಂದ ಕಾಲು ತೆಗೆದರೆ ಇಂಜೆಕ್ಟರ್ ಡೀಸೆಲ್ ಕೊಡುವುದನ್ನೇ ನಿಲ್ಲಿಸುತ್ತದೆ. ಎಂಜಿನ್ನನ್ನು ತಿರುಗಿಸುವುದು ಚಕ್ರಗಳು. ನ್ಯೂಟ್ರಲ್‌ನಲ್ಲಿ ಐಡ್ಲಿಂಗಿಗೆ ಡೀಸೆಲ್ ಬೇಕೇ ಬೇಕು. ತೀರಾ ಸಣ್ಣ ಇಳಿಜಾರಿನಲ್ಲಿ ನ್ಯೂಟ್ರಲ್ ಗಾಡಿ ಸ್ವಲ್ಪ ದೂರ ಹೆಚ್ಚು ಉರುಳೀತು. ಬ್ರೇಕ್ ಒತ್ತಲೇಬೇಕಾದ ಇಳಿಜಾರಿನಲ್ಲಿ ಒಂದು ಹನಿಯೂ ಉಳಿಯುವುದಿಲ್ಲ. ಇದನ್ನು ಡ್ಯಾಶ್‌ಬೋರ್ಡ್ ತೋರಿಸಿ ವಿವರಿಸಿ, ಬಾಯಿಮಾತಿಗೆ ನಂಬುವುದಿಲ್ಲ.

ನಿಮಗೆ ಕಹಿಯಾದರೂ ಹೇಳುತ್ತೇನೆ, ನ್ಯೂಟ್ರಲ್ ಕಲಿಸುವವರು ಮಾಲೀಕರೇ. ಆವರೇಜ್ ಚೆನ್ನಾಗಿ ಕೊಟ್ಟವನಿಗೆ ಬೋನಸ್, ಡೀಸೆಲ್ ಹೆಚ್ಚು ಕುಡಿಸಿದವನ ಭತ್ತೆಯಲ್ಲಿ ಕಡಿತ ಅಂತ ಇಟ್ಟರೆ ಯಾವ ತರಬೇತಿಯೂ ತಲೆಯಲ್ಲಿ ನಿಲ್ಲುವುದಿಲ್ಲ. ಆವರೇಜ್ ಬೋನಸ್ ತೆಗೆಯಿರಿ. ಬೋನಸ್ ಕೊಡಲೇಬೇಕೆಂದರೆ ಬ್ರೇಕ್ ಲೈನರ್ ಎಷ್ಟು ಬಾಳಿತು ಅಂತ ನೋಡಿ ಕೊಡಿ. ಎಂಜಿನ್ ಮೇಲೆ ಇಳಿಸುವ ಡ್ರೈವರಿನ ಲೈನರ್ ಬೇಗ ಸವೆಯುವುದಿಲ್ಲ. ನಿಮ್ಮ ಜಿಪಿಎಸ್ ಎಂಜಿನ್ ಆರ್‌ಪಿಎಂ ಕೊಡುವಂಥದ್ದಾದರೆ ಇನ್ನೂ ಸುಲಭ: ಸುರಂಗದಾಚೆ ವೇಗ 50, ಆರ್‌ಪಿಎಂ 600ರ ಆಸುಪಾಸು ಇದ್ದರೆ ಗಾಡಿ ನ್ಯೂಟ್ರಲ್‌ನಲ್ಲಿದೆ. ಬೈಯಬೇಡಿ, ಕೂರಿಸಿಕೊಂಡು ಆ ಗ್ರಾಫ್ ತೋರಿಸಿ.

ಈಗ ತರಬೇತಿ. ಮೊದಲ ಅರ್ಧ ದಿನ ಯಾರ್ಡ್‌ನಲ್ಲಿ, ಒಂದು ಚಕ್ರ ಮತ್ತು ಡ್ರಮ್ ಬಿಚ್ಚಿಟ್ಟು, ಕನ್ನಡದಲ್ಲಿ. ಲೈನರ್, ಬ್ರೇಕಿನ ಸಡಿಲ ಸರಿಪಡಿಸುವ ಸ್ಲ್ಯಾಕ್ ಅಡ್ಜಸ್ಟರ್, ಹವಾ ತುಂಬುವ ಚೇಂಬರ್ ಎಲ್ಲವನ್ನೂ ಕೈಯಲ್ಲಿ ಮುಟ್ಟಿ ನೋಡಲಿ. ಕ್ಲೀನರ್ ಇದ್ದರೆ ಅವನೂ ಕೂರಲಿ, ನಾಳೆ ಅವನೇ ಡ್ರೈವರ್. ಹವಾ ಪರೀಕ್ಷೆಯನ್ನು ಪ್ರತಿಯೊಬ್ಬರೂ ಮಾಡಿ ತೋರಿಸಬೇಕು: ಸಮತಟ್ಟಾದ ಜಾಗದಲ್ಲಿ ಗಾಲಿಗಳಿಗೆ ಅಡ್ಡ ಕೊಟ್ಟು, ಹವಾ ಪೂರ್ತಿ ತುಂಬಿಸಿ, ಎಂಜಿನ್ ಬಂದ್ ಮಾಡಿ, ಪಾರ್ಕಿಂಗ್ ಬ್ರೇಕ್ ಬಿಟ್ಟು, ಪೆಡಲ್ಲನ್ನು ಪೂರ್ತಿ ಒತ್ತಿ ಹಿಡಿಯುವುದು. ಒಂದು ನಿಮಿಷದಲ್ಲಿ 0.3 ಬಾರ್‌ಗಿಂತ ಹೆಚ್ಚು ಇಳಿದರೆ ಎಲ್ಲೋ ಸೋರುತ್ತಿದೆ, ಗಾಡಿ ಹೊರಡಬಾರದು. ಪುಶ್‌ರಾಡಿಗೆ ಸೀಮೆಸುಣ್ಣದ ಗುರುತು ಹಾಕಿ ಒಬ್ಬರು ಬ್ರೇಕ್ ಒತ್ತಲಿ, ಇನ್ನೊಬ್ಬರು ಅಳೆಯಲಿ. ಟೈಪ್ 30 ಅಳತೆಯ ಚೇಂಬರ್ ಆದರೆ ಗುರುತು ಸರಿದ ದೂರ 50 ಮಿಲಿಮೀಟರ್ ದಾಟಬಾರದು. ಟ್ಯಾಂಕಿನ ನೀರು ದಿನವೂ ಬಿಡಬೇಕು, ಮುಂಬೈ ಮಳೆಗಾಲದಲ್ಲಂತೂ ತಪ್ಪಿಸುವಂತೆಯೇ ಇಲ್ಲ.

ಆಮೇಲೆ ಇಳಿಜಾರಿಗೆ, ಲೋಡ್ ಗಾಡಿಯಲ್ಲೇ. ಖಾಲಿ ಗಾಡಿಯಲ್ಲಿ ಘಾಟ್ ಇಳಿಸಿ ಕಲಿಸಿದ್ದು ಲೋಡ್ ಬಿದ್ದ ದಿನ ಉಪಯೋಗಕ್ಕೆ ಬರುವುದಿಲ್ಲ. ಸಾತಾರಾ ಕಡೆಯಿಂದ ಬರುವಾಗ ಖೇಡ್-ಶಿವಾಪುರ ಟೋಲ್ ಆದ ಮೇಲೆ, ಸುರಂಗಕ್ಕೆ ಮೊದಲು, ಸುರಕ್ಷಿತ ಜಾಗ ನೋಡಿ ಗಾಡಿ ನಿಲ್ಲಿಸಿ ಹವಾ ಗೇಜ್ ನೋಡಬೇಕು, ಪ್ರತಿ ಡ್ರಮ್ಮಿನ ಹತ್ತಿರ ಕೈ ಹಿಡಿದು, ಮುಟ್ಟದೆ, ಶಾಖ ನೋಡಬೇಕು. ಒಂದೇ ಡ್ರಮ್ ಹೆಚ್ಚು ಕಾದಿದ್ದರೆ ಅಲ್ಲಿ ಬ್ರೇಕ್ ಹಿಡಿದುಕೊಂಡಿದೆ, ಒಂದೇ ಡ್ರಮ್ ತಣ್ಣಗಿದ್ದರೆ ಅದು ಕೆಲಸವನ್ನೇ ಮಾಡುತ್ತಿಲ್ಲ. ಹತ್ತಿದ ಗೇರಿನಲ್ಲೇ ಇಳಿಯಬೇಕು ಅಂತ ಹಳಬರು ಹೇಳುವುದು ಈಗಿನ ಶಕ್ತಿಶಾಲಿ ಎಂಜಿನ್‌ಗಳಿಗೆ ಸಾಲದು, ಅದಕ್ಕಿಂತ ಒಂದು ಕಡಿಮೆ ಇರಲಿ. ಎಕ್ಸಾಸ್ಟ್ ಬ್ರೇಕ್ ಒತ್ತಿ, ಆರ್‌ಪಿಎಂ ಕೆಂಪು ಪಟ್ಟಿಯ ಕೆಳಗಿರಲಿ. ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿಯಬಾರದು: 40 ಅಂತ ಮಿತಿ ಇಟ್ಟುಕೊಂಡಿದ್ದರೆ 40 ಮುಟ್ಟಿದಾಗ ಗಟ್ಟಿಯಾಗಿ ಒತ್ತಿ 32ಕ್ಕೆ ಇಳಿಸಿ, ಪೂರ್ತಿ ಬಿಡಬೇಕು. ಮತ್ತೆ 40 ಆದಾಗ ಮತ್ತೆ. ಇಷ್ಟು ಮಾಡಿಯೂ ಪದೇಪದೇ ಒತ್ತಬೇಕಾಗುತ್ತಿದ್ದರೆ ಹಿಡಿದ ಗೇರ್ ದೊಡ್ಡದಾಯಿತು, ನಿಲ್ಲಿಸಿ ಬದಲಿಸಲಿ. ಸುಟ್ಟ ವಾಸನೆ ಬಂದರೆ ಬದಿಗೆ ನಿಲ್ಲಿಸಿ ಗಾಲಿಗೆ ಅಡ್ಡ ಕೊಡಲಿ. ಕೆಂಪಗೆ ಕಾದ ಡ್ರಮ್ ಮೇಲೆ ನೀರು ಸುರಿಯಕೂಡದು, ಬಿರುಕು ಬಿಡುತ್ತದೆ.

ನಿದ್ದೆಯ ಮಾತು ಚಿಕ್ಕದಾಗಿ. ಐದು ಜನಕ್ಕಿಂತ ಕಡಿಮೆ ಇಲ್ಲದ ಸಂಸ್ಥೆಗೆ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ 2025ರ ನವೆಂಬರ್ ತನಕ ಹಿಡಿದಿದ್ದ ನಿಯಮ: ದಿನಕ್ಕೆ 8 ಗಂಟೆ, ದೂರದ ರೂಟಿಗೆ ಹೆಚ್ಚೆಂದರೆ 10, ಐದು ಗಂಟೆ ದುಡಿದ ಮೇಲೆ ಅರ್ಧ ಗಂಟೆ ವಿಶ್ರಾಂತಿ. ಆರು ಡ್ರೈವರುಗಳಿರುವ ನೀವು ಆ ಲೆಕ್ಕಕ್ಕೆ ಬರುತ್ತಿದ್ದಿರಿ. ಆ ಕಾಯ್ದೆಯ ಜಾಗಕ್ಕೆ ಈಗ ಹೊಸ ಕಾರ್ಮಿಕ ಸಂಹಿತೆ ಬಂದಿದೆ. ಬೆಳಗಾವಿಯಲ್ಲಿ ಹಗಲೆಲ್ಲ ಲೋಡಿಂಗಿಗೆ ನಿಂತ ಮನುಷ್ಯನಿಗೆ ಬೆಳಿಗ್ಗೆಯೊಳಗೆ ಕಳಂಬೋಲಿ ಮುಟ್ಟು ಅಂತ ಫೋನ್ ಮಾಡಬೇಡಿ.

ಸರ್ಟಿಫಿಕೇಟ್ ನಿಜವಾಗಿ ಕಡ್ಡಾಯವಾಗುವುದು ತಳೋಜಾ, ಪಾತಾಳಗಂಗಾ ಕಡೆಯ ಅಪಾಯಕಾರಿ ರಾಸಾಯನಿಕ ತುಂಬಿದಾಗ. ಕೇಂದ್ರ ಮೋಟಾರು ವಾಹನ ನಿಯಮ 9ರ ಪ್ರಕಾರ ಅದಕ್ಕೆ ಮೂರು ದಿನದ ಕೋರ್ಸ್ ಮತ್ತು ಲೈಸೆನ್ಸ್ ಮೇಲೆ ನಮೂದು ಬೇಕು. 2019ರ ತಿದ್ದುಪಡಿಯ ಮೇಲೆ ಅದು 3 ವರ್ಷ ನಡೆಯುತ್ತದೆ, ನವೀಕರಣಕ್ಕೆ ಒಂದು ದಿನದ ಪುನರ್ ತರಬೇತಿ. ಆ ಮಾಲು ತುಂಬುವುದಾದರೆ ಇದರಲ್ಲಿ ರಾಜಿ ಇಲ್ಲ. ಬೇರೆ ಮಾಲಿಗೆ ಕಂಪನಿಯವರು ಕಾಗದ ಕೇಳಿದರೆ ಪುಣೆ ಹತ್ತಿರದ ಭೋಸರಿಯ ಕೇಂದ್ರ ರಸ್ತೆ ಸಾರಿಗೆ ಸಂಸ್ಥೆ ಅಂದರೆ ಸಿಐಆರ್‌ಟಿಯಲ್ಲಿ ವಿಚಾರಿಸಿ, ಒಂದು ದಿನದ ಹಾಲ್ ಕ್ಲಾಸಿಗೆ ಕೊಡುವ ದುಡ್ಡನ್ನು ಇಳಿಜಾರಿನ ಪಾಠಕ್ಕೆ ಹಾಕಿ. ಆ ಪಾಠಕ್ಕೆ ಒಂದು ಸಲಕ್ಕೆ ಇಬ್ಬರೇ ಡ್ರೈವರುಗಳು ಸಾಕು. ಒಬ್ಬರು ಓಡಿಸುವಾಗ ಇನ್ನೊಬ್ಬರು ಎಂಜಿನ್ ಸುತ್ತು ತೋರಿಸುವ ಟ್ಯಾಕೋಮೀಟರ್ ಮತ್ತು ಹವಾ ಗೇಜ್ ನೋಡಿ ಗಟ್ಟಿಯಾಗಿ ಓದುತ್ತಿರಲಿ. ಕಲಿಸುವವರು ನಡುವೆ ಕೂರಲಿ.