ಬಂಕಾ ದ್ವೀಪದ ದಾದಿಯ ಮೌನ: ಓದುಗರ ಪತ್ರಕ್ಕೆ ಸಂಪಾದಕರ ಉತ್ತರ

ಮಾನ್ಯರೇ,

ಆಸ್ಟ್ರೇಲಿಯಾದ ಸೇನಾ ದಾದಿ ವಿವಿಯನ್ ಬುಲ್‌ವಿಂಕೆಲ್ ಅವರನ್ನು ಕುರಿತು ಕಳೆದ ಸಂಚಿಕೆಯಲ್ಲಿ ಪ್ರಕಟವಾದ ಲೇಖನವನ್ನು ಓದಿ ತಾವು ಬರೆದ ಪತ್ರ ತಲುಪಿದೆ. ಸಂಗಾತಿಯರ ಕೊಲೆಯನ್ನು ಕಣ್ಣಾರೆ ಕಂಡವರು ಜಪಾನಿಯರ ಸೆರೆಯಲ್ಲಿ ಮೂರೂವರೆ ವರ್ಷ ಬಾಯಿ ಬಿಡದೆ ಇದ್ದದ್ದು ಭಯದಿಂದಲ್ಲವೇ, ಅದನ್ನು ಧೈರ್ಯವೆಂದು ಕರೆಯುವುದು ಸರಿಯೇ ಎಂದು ಕೇಳಿದ್ದೀರಿ. ನಮ್ಮ ಲೇಖನ ಬಂಕಾ ದ್ವೀಪದ ಕಡಲತೀರದಲ್ಲಿ ನಡೆದ ಆ ಕೊಲೆಗಳ ಬಳಿಯೇ ನಿಂತುಬಿಟ್ಟದ್ದರಿಂದ ಈ ಪ್ರಶ್ನೆ ಎದ್ದಿದೆ. ಆ ಕೊರತೆ ನಮ್ಮದು.

1942ರ ಫೆಬ್ರವರಿ 12ರಂದು, ಸಿಂಗಪುರ ಜಪಾನಿಯರ ವಶವಾಗುವುದಕ್ಕೆ ಮೂರು ದಿನ ಮೊದಲು, 65 ಮಂದಿ ಆಸ್ಟ್ರೇಲಿಯನ್ ದಾದಿಯರು ‘ವೈನರ್ ಬ್ರೂಕ್’ ಹಡಗನ್ನೇರಿದರು. ಎರಡು ದಿನಗಳ ಬಳಿಕ ಬಾಂಬ್ ದಾಳಿಗೆ ಸಿಕ್ಕಿ ಹಡಗು ಮುಳುಗಿತು, 12 ಮಂದಿ ಕಡಲಪಾಲಾದರು. ಸುಮಾತ್ರಾದ ಪಕ್ಕದ ಬಂಕಾ ದ್ವೀಪದ ಒಂದು ತೀರವನ್ನು ಸೇರಿದ 22 ದಾದಿಯರು, ಮುಂಟೋಕ್ ಪಟ್ಟಣದತ್ತ ಹೊರಟ ಹೆಂಗಸರು ಮಕ್ಕಳ ಜೊತೆಯಲ್ಲಿ ತಾವೂ ಹೋಗಬಹುದಾಗಿತ್ತು. ಆದರೆ ಗಾಯಾಳುಗಳ ಆರೈಕೆಗೆಂದು ಅಲ್ಲಿಯೇ ಉಳಿದರು. ಇಡೀ ಪ್ರಕರಣದಲ್ಲಿ ನನ್ನ ಮನಸ್ಸನ್ನು ಎಲ್ಲಕ್ಕಿಂತ ಹೆಚ್ಚಾಗಿ ಕಲಕುವುದು ಈ ನಿರ್ಧಾರವೇ. 16ರಂದು ಬಂದ ಜಪಾನಿ ಸೈನಿಕರು ಗಂಡಸರನ್ನು ಬೇರೆಡೆಗೆ ಕರೆದೊಯ್ದು ಕೊಂದರು. ಆಮೇಲೆ ದಾದಿಯರನ್ನೂ ಅವರೊಡನಿದ್ದ ಒಬ್ಬ ಮಹಿಳೆಯನ್ನೂ ನೀರಿಗಿಳಿಸಿ ಹಿಂದಿನಿಂದ ಮೆಷಿನ್‌ಗನ್ ಹಾರಿಸಿದರು. ಸೊಂಟದ ಬಳಿ ಗುಂಡು ತೂರಿಹೋಗಿದ್ದರೂ ಸತ್ತವರಂತೆ ಅಲುಗದೆ ತೇಲಿದ ಬುಲ್‌ವಿಂಕೆಲ್ ಒಬ್ಬರೇ ಬದುಕಿದರು.

ಆ ಸ್ಥಿತಿಯಲ್ಲಿಯೂ ಅವರು ಕಾಡಿನಲ್ಲಿ ಸುಮಾರು 12 ದಿನ ಮಾಡಿದ್ದು ಶುಶ್ರೂಷೆಯನ್ನೇ. ತೀವ್ರವಾಗಿ ಗಾಯಗೊಂಡಿದ್ದ ಬ್ರಿಟಿಷ್ ಸೈನಿಕನೊಬ್ಬನನ್ನು ನೋಡಿಕೊಂಡು, ಕೊನೆಗೆ ಅವನೊಡನೆ ಶರಣಾದರು. ಸಮವಸ್ತ್ರದಲ್ಲಿ ಗುಂಡು ಕೊರೆದ ತೂತು ಕಾಣದಂತೆ ನೀರಿನ ಬಾಟಲಿಯನ್ನು ಅಡ್ಡಲಾಗಿ ನೇತುಹಾಕಿಕೊಂಡಿದ್ದರು. ತಮ್ಮ ಪ್ರಶ್ನೆಗೆ ಉತ್ತರವಿರುವುದು ಇಲ್ಲಿ. ಸೆರೆ ಶಿಬಿರದಲ್ಲಿ ಸಿಕ್ಕ ಸಹೋದ್ಯೋಗಿಗಳಿಗೆ ಅವರು ನಡೆದುದೆಲ್ಲವನ್ನೂ ಹೇಳಿದರು. ಸಾಕ್ಷಿಯೊಬ್ಬಳು ಉಳಿದಿದ್ದಾಳೆಂಬ ಸುಳಿವು ಕಾವಲಿನವರಿಗೆ ಸಿಕ್ಕಿದರೆ ಅವಳ ಜೀವದ ಜೊತೆಗೆ ಕೇಳಿದವರ ಜೀವವೂ ಹೋಗಬಹುದೆಂದು ಅರಿತು, ಈ ಮಾತನ್ನು ಇನ್ನು ಎತ್ತಬಾರದೆಂದು ಎಲ್ಲರೂ ಒಪ್ಪಿದರು. ಹೀಗಿರುವಾಗ ಅದು ಒಬ್ಬಳ ಅಂಜಿಕೆಯಾಗಿರಲಿಲ್ಲ. ಹಸಿವು ಮಲೇರಿಯಾಗಳ ನಡುವೆ, ಸೆರೆಯಲ್ಲಿದ್ದ 32 ದಾದಿಯರು ಕೂಡಿ ಕಾಪಾಡಿಕೊಂಡ ಗುಟ್ಟು. ಅವರಲ್ಲಿ ಎಂಟು ಮಂದಿ ಶಿಬಿರಗಳಲ್ಲಿಯೇ ತೀರಿಕೊಂಡರು, 24 ಮಂದಿ ಊರಿಗೆ ಮರಳಿದರು. 1946ರಲ್ಲಿ ಟೋಕಿಯೋದ ಯುದ್ಧಾಪರಾಧ ನ್ಯಾಯಮಂಡಳಿಯ ಮುಂದೆ ನಿಂತು ಬುಲ್‌ವಿಂಕೆಲ್ ಆ ಹತ್ಯೆಗಳ ಬಗ್ಗೆ ಸಾಕ್ಷ್ಯ ನುಡಿದರು. ಹೇಳಬೇಕಾದ ಜಾಗ ದೊರೆಯುವವರೆಗೆ ಕಾದವರನ್ನು ಅಂಜುಬುರುಕಿ ಎನ್ನಲು ನನಗೆ ಮನಸ್ಸು ಬಾರದು.

ನಾವು ಬಿಟ್ಟ ಇನ್ನೊಂದು ಭಾಗವೆಂದರೆ ಅವರ ವೃತ್ತಿಜೀವನ. ಮೆಲ್ಬರ್ನ್‌ನ ಫೇರ್‌ಫೀಲ್ಡ್ ಸಾಂಕ್ರಾಮಿಕ ರೋಗಗಳ ಆಸ್ಪತ್ರೆಯ ಮೇಟ್ರನ್ (ದಾದಿಯರ ಮುಖ್ಯಸ್ಥೆ) ಆಗಿ ದೀರ್ಘಕಾಲ ದುಡಿದು 1977ರಲ್ಲಿ ನಿವೃತ್ತರಾದರು; 1975ರಲ್ಲಿ ವಿಯೆಟ್ನಾಮಿನ ಅನಾಥ ಮಕ್ಕಳನ್ನು ಕರೆತರಲು ಸೈಗಾನ್‌ಗೂ ಹೋಗಿಬಂದರು. ಈ ವರ್ಷಗಳನ್ನೇ ಕುರಿತ ಬರಹವೊಂದನ್ನು ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇವೆ.

ವಂದನೆಗಳೊಂದಿಗೆ,
ಸಂಪಾದಕ