ಆಪೂಸಿಗೆ ಎಷ್ಟು ಚಳಿ ಬೇಕು?

ಪ್ರಶ್ನೆ: ಕಲಘಟಗಿ ರಸ್ತೆಯಲ್ಲಿ ನಮ್ಮ ಆಪೂಸ್ ಮಾವಿನ ತೋಟ ಇದೆ. ಹವಾಮಾನ ಇಲಾಖೆಯ ಚಳಿಗಾಲದ ಮುನ್ಸೂಚನೆ ನೋಡಿ ಹೂವಿನ ಅಂದಾಜು ಮಾಡಬಹುದಾ? ಸೇಬಿನ ಹಾಗೆ ಚಳಿ ಗಂಟೆ ಎಣಿಸಬೇಕಾ?
– ಓದುಗರೊಬ್ಬರು, ಧಾರವಾಡ

ಉತ್ತರ: ಎಣಿಸುವುದು ಬೇಡ ಸರ್. 7 ಡಿಗ್ರಿಗಿಂತ ಕೆಳಗಿನ ಗಂಟೆಗಳ ಲೆಕ್ಕ ಕಾಶ್ಮೀರ, ಹಿಮಾಚಲದ ಸೇಬಿಗೆ. ಮಾವಿಗೆ ಕೆಲವು ವಾರ ರಾತ್ರಿ 15 ಡಿಗ್ರಿ ಆಸುಪಾಸು ತಂಪಿದ್ದರೆ ಹೂಮೊಗ್ಗು ಕಟ್ಟುತ್ತದೆ. ಮುನ್ಸೂಚನೆ ಹೇಳುವುದು ಡಿಸೆಂಬರ್‌ನಿಂದ ಫೆಬ್ರವರಿವರೆಗೆ ರಾತ್ರಿ ವಾಡಿಕೆಗಿಂತ ಬೆಚ್ಚಗಿರುವ ಸಾಧ್ಯತೆ ಜಾಸ್ತಿಯೋ ಕಡಿಮೆಯೋ ಅನ್ನುವುದನ್ನು ಮಾತ್ರ. ಯಾವ ವಾರ ಚಳಿ ಅಂತ ಅಲ್ಲ. ಬೆಚ್ಚಗಿರುತ್ತದೆ ಅಂದಿದ್ದರೆ ನಾನಂತೂ ನಮ್ಮ ಕೆಲಗೇರಿ ತೋಟಕ್ಕೆ ಮೊಗ್ಗು ಕಾಣುವವರೆಗೆ ನೀರು ಬಿಡುವುದಿಲ್ಲ. ಬಿಟ್ಟರೆ ಸುಮ್ನೆ ಚಿಗುರು ಬರುತ್ತದೆ. ಕೊಂಬೆಯ ತುದಿ ನೋಡ್ತಾ ಇರಿ. ಮೊಗ್ಗು ದಪ್ಪಗೆ ಉಬ್ಬಿ ಕವಲೊಡೆದರೆ ಹೂವು, ತೆಳ್ಳಗಿನ ಕೆಂಪೆಲೆ ಬಿಚ್ಚಿದರೆ ಬರೀ ಚಿಗುರು.